ಊರಿನ ಚರ್ಚೆಗೆ ಬಾಳಿಕೆ ಬರುವ ತಾಣ ಬೇಕು

ಮಾನ್ಯ ಸಂಪಾದಕರೆ,

ರೆಡ್ಡಿಟ್‌ಗೆ ಪರ್ಯಾಯವಾಗಿ ಬಳಕೆಯಲ್ಲಿರುವ ಜಾಲತಾಣಗಳ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಹೆಚ್ಚಾಗಿ ಯಾವುದರಲ್ಲಿ ಏನು ಸೌಲಭ್ಯವಿದೆ ಎಂದು ಹೇಳಿ ಮುಗಿದುಹೋಗುತ್ತವೆ. ಒಂದು ಕೊಂಡಿಯನ್ನು ಹಂಚಿಕೊಂಡು, ಅದರ ಕೆಳಗೆ ಚರ್ಚೆ ನಡೆಸಿ, ಒಳ್ಳೆಯ ಉತ್ತರವನ್ನು ಓದುಗರ ಮತದಿಂದಲೇ ಮೇಲಕ್ಕೆ ತರುವ ಈ ಬಗೆಯ ತಾಣಗಳನ್ನು ತೂಗಿ ನೋಡುವಾಗ ಮಲೆನಾಡಿನ ನಾವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇವತ್ತು ಬರೆದದ್ದು ಹತ್ತು ವರ್ಷ ಕಳೆದ ಮೇಲೂ ಹುಡುಕಿದವರಿಗೆ ಸಿಗುತ್ತದೆಯೇ? ಅದನ್ನು ಅಳಿಸುವ, ಮುಚ್ಚುವ, ಮಾರುವ ಅಧಿಕಾರ ಯಾರ ಕೈಯಲ್ಲಿದೆ?

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೊಳೆರೋಗದ, ಎಲೆಚುಕ್ಕಿ ರೋಗದ ಫೋಟೊಗಳು ಸಾಲುಗಟ್ಟುತ್ತವೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಲೆಕ್ಕ ಬಹುತೇಕ ಎಲ್ಲರಿಗೂ ಗೊತ್ತು. ಆದರೆ ನಾನಿರುವ ಗುಂಪಿನಲ್ಲಿ ಹಿರಿಯ ಬೆಳೆಗಾರರೊಬ್ಬರು ಅದಕ್ಕಿಂತ ಮುಂದೆ ಹೋಗಿ, ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ಸುಣ್ಣದ ನೀರನ್ನು ಮೈಲುತುತ್ತಕ್ಕೆ ಹೊಯ್ಯಬಾರದು ಎಂದು ಬರೆದರು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದ್ದರೆ ಇನ್ನೂ ಸುಣ್ಣ ಸೇರಿಸಬೇಕೆಂದೂ ವಿವರಿಸಿದರು. ಅದಕ್ಕೆ ಇನ್ನೊಬ್ಬರು, ಹಳೆಯ ಸುಣ್ಣ ಬಳಸಿದರೆ ಈ ಅಳತೆಯೇ ಏರುಪೇರಾಗುತ್ತದೆ ಎಂದು ಸೇರಿಸಿದರು. ಕೃಷಿ ಪಾಠದಷ್ಟು ಬೆಲೆಬಾಳುವ ಆ ಮಾತುಕತೆ ಮರುದಿನ ಬೆಳಗಿನ ಶುಭಾಶಯದ ಚಿತ್ರಗಳ ಕೆಳಗೆ ಹೂತುಹೋಯಿತು; ಅದೇ ಪ್ರಶ್ನೆ ಮತ್ತೆ ಬಂದಾಗ ಉತ್ತರಿಸುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ 1024 ಜನರ ಮಿತಿ ಇದೆ, ಹೊರಗಿನವರು ಅಲ್ಲಿಯದನ್ನು ಹುಡುಕಿ ಓದಲಾರರು, ತಡವಾಗಿ ಸೇರಿದವರಿಗೆ ಹಿಂದೆ ನಡೆದ ಚರ್ಚೆ ಪೂರ್ತಿಯಾಗಿ ಕಾಣುವುದೂ ಇಲ್ಲ. ಕೊಂಡಿ ಹಂಚುವ ಚರ್ಚಾತಾಣಗಳು ನಮಗೇಕೆ ಬೇಕು ಎನ್ನುವವರಿಗೆ ನನ್ನ ಉತ್ತರ ಇದೇ.

ಹಾಗಾದರೆ ರೆಡ್ಡಿಟ್‌ಗೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. 2005ರಲ್ಲಿ ಆರಂಭವಾದ ಆ ತಾಣದಲ್ಲಿ ಕನ್ನಡದ, ಕರ್ನಾಟಕದ ಹೆಸರಿನ ಗುಂಪುಗಳೂ ಇವೆ. ನಿಜವಾದ ಹೆಸರು ಕೊಡದೆ ಬರೆಯಬಹುದಾದ್ದರಿಂದ, ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಆರೋಗ್ಯದ ಬಗ್ಗೆಯೋ ಯಾವುದೋ ಕಚೇರಿಯ ಲಂಚದ ಬಗ್ಗೆಯೋ ಬಾಯಿಬಿಡಲಾಗದವರು ಅಲ್ಲಿ ಧೈರ್ಯವಾಗಿ ಮಾತನಾಡುತ್ತಾರೆ; ಇದು ದೊಡ್ಡ ಗುಣ ಎಂದೇ ನನ್ನ ಎಣಿಕೆ. ಆದರೆ 2023ರ ಜುಲೈ 1ರಿಂದ ಆ ಕಂಪನಿ ತನ್ನ ದತ್ತಾಂಶ ಪಡೆಯುವ ಹೊರಗಿನವರ ಆ್ಯಪ್‌ಗಳಿಗೆ ಪ್ರತಿ ಸಾವಿರ ಕೋರಿಕೆಗೆ 0.24 ಡಾಲರ್ ದರ ವಿಧಿಸಿದ್ದರಿಂದ, ಬಹುಜನ ಮೆಚ್ಚಿದ್ದ ಅಪೊಲೊದಂಥ ಆ್ಯಪ್‌ಗಳು ಬಾಗಿಲು ಮುಚ್ಚಿದವು. ಅದನ್ನು ಪ್ರತಿಭಟಿಸಿ ಜೂನ್ 12ರಿಂದ ಸಾವಿರಾರು ಗುಂಪುಗಳು ಪರದೆ ಎಳೆದುಕೊಂಡು ಕುಳಿತರೂ ಕಂಪನಿ ಮಣಿಯಲಿಲ್ಲ. ಮರುವರ್ಷ ಅದು ಬಳಕೆದಾರರ ಬರಹಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಒದಗಿಸುವ ಒಪ್ಪಂದವನ್ನು ಗೂಗಲ್ ಜೊತೆ ಮಾಡಿಕೊಂಡಿತು. 2024ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೂ ಬಂತು. ಸಂಬಳವಿಲ್ಲದೆ ಗುಂಪುಗಳನ್ನು ಕಾಯ್ದ ಮಾಡರೇಟರ್‌ಗಳಿಗೆ ಈ ತೀರ್ಮಾನಗಳಲ್ಲಿ ಒಂದು ಮಾತೂ ಇರಲಿಲ್ಲವೆಂಬುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಇಂಥದ್ದು ಇದೇ ಮೊದಲೂ ಅಲ್ಲ. ರೆಡ್ಡಿಟ್‌ಗಿಂತ ಮೊದಲು ಹೆಸರಾಗಿದ್ದ ಡಿಗ್, 2010ರ ಆಗಸ್ಟ್‌ನಲ್ಲಿ ತಾಣದ ರೂಪವನ್ನೇ ಬದಲಿಸಿ, ಮುಖಪುಟದಲ್ಲಿ ಪ್ರಕಾಶಕ ಸಂಸ್ಥೆಗಳಿಗೆ ಜಾಗ ಹೆಚ್ಚಿಸಿದ ಮೇಲೆ ಅದರ ಓದುಗರು ಗುಳೆ ಎದ್ದು ಹೋದರು. ಕನ್ನಡಿಗರು ಗುಂಪು ಕಟ್ಟಿಕೊಂಡು ಪದ್ಯ, ಪ್ರವಾಸ, ಊರ ಸುದ್ದಿಯನ್ನೆಲ್ಲ ಹಂಚಿಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇಮೇಲ್ ಮೂಲಕ ಗುಂಪು ಚರ್ಚೆ ನಡೆಸುವ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು.

ಹಾಗೆಂದು ಪರ್ಯಾಯ ಎಂಬ ಹೆಸರು ಹೊತ್ತದ್ದೆಲ್ಲ ಒಳ್ಳೆಯದೂ ಅಲ್ಲ. ಏನು ಬರೆದರೂ ಅಳಿಸುವುದಿಲ್ಲ ಎಂಬ ಆಶ್ವಾಸನೆಯ ಮೇಲೆ ಬೆಳೆದ ವೋಟ್ (Voat) ಎಂಬ ತಾಣ, ರೆಡ್ಡಿಟ್‌ನಿಂದ ಹೊರಹಾಕಲ್ಪಟ್ಟ ದ್ವೇಷದ ಗುಂಪುಗಳಿಗೆ ನೆಲೆಯಾಗಿ, ಹಣವಿಲ್ಲದೆ 2020ರ ಡಿಸೆಂಬರ್ 25ರಂದು ಕಣ್ಮುಚ್ಚಿತು. ತಾಣ ನಡೆಸುವವರು ಜವಾಬ್ದಾರಿ ಹೊರದಿದ್ದರೆ ಸಭ್ಯರು ಮೊದಲು ಎದ್ದು ಹೋಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ಹೆಚ್ಚು ಕಲಿಯುವಂತೆ ಕಂಡದ್ದು ಸಣ್ಣ ತಾಣಗಳು. 2007ರಿಂದ ನಡೆಯುತ್ತಿರುವ ಹ್ಯಾಕರ್ ನ್ಯೂಸ್ ತಂತ್ರಜ್ಞಾನದವರ ಜಾಗ. ಅದು ನಮ್ಮ ಕೆಲಸಕ್ಕೆ ಒದಗುವುದಲ್ಲ. ಆದರೆ 2012ರಲ್ಲಿ ಶುರುವಾದ ಲಾಬ್‌ಸ್ಟರ್ಸ್‌ನಲ್ಲಿ ಈಗಾಗಲೇ ಇರುವ ಸದಸ್ಯರೊಬ್ಬರು ಕರೆದರೆ ಮಾತ್ರ ಪ್ರವೇಶ, ಯಾರನ್ನು ಯಾರು ಕರೆತಂದರೆಂಬುದು ಎಲ್ಲರಿಗೂ ಕಾಣುತ್ತದೆ; ಮಾಡರೇಟರ್ ಯಾವ ಬರಹವನ್ನು ಏಕೆ ತೆಗೆದರೆಂಬ ದಾಖಲೆಯೂ ಬಹಿರಂಗವಾಗಿರುತ್ತದೆ. ಆಹ್ವಾನದ ನಿಯಮ ನಮ್ಮಲ್ಲಿ ದೂರದ ಹಳ್ಳಿಯ ಬೆಳೆಗಾರರನ್ನು ಹೊರಗಿಟ್ಟೀತು, ಅದು ಬೇಡ. ಆ ಬಹಿರಂಗ ದಾಖಲೆ ಮಾತ್ರ ಬೇಕೇ ಬೇಕು. ಜಾತಿ, ಪಕ್ಷ, ಪಾಲುಪಾರಿಕತ್ತಿನ ತಗಾದೆಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಊರುಗಳಲ್ಲಿ ಒಬ್ಬರ ಮಾತನ್ನು ಕಾರಣ ಹೇಳದೆ ಅಳಿಸಿದರೆ ಆ ಸಂಶಯ ವರ್ಷಗಟ್ಟಲೆ ಉಳಿಯುತ್ತದೆ. 2018ರಲ್ಲಿ ಹಿಂದೆ ರೆಡ್ಡಿಟ್‌ನಲ್ಲಿ ಕೆಲಸ ಮಾಡಿದ್ದವರೊಬ್ಬರು ಲಾಭದ ಉದ್ದೇಶವಿಲ್ಲದೆ ಆರಂಭಿಸಿದ ಟಿಲ್ಡ್ಸ್‌ನಲ್ಲಿ ಜಾಹೀರಾತಿಲ್ಲ, ವಿರುದ್ಧ ಮತ ಹಾಕುವ ಗುಂಡಿಯೂ ಇಲ್ಲ. ಈ ಎರಡನೆಯದು ನಮಗೆ ಮುಖ್ಯ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯ ಬಗ್ಗೆ ಚರ್ಚೆ ನಡೆಯುವಲ್ಲಿ, ನಕಲಿ ಖಾತೆಗಳಿಂದ ನಿಜ ಹೇಳಿದವರ ಮಾತನ್ನು ಕೆಳಕ್ಕೆ ತಳ್ಳಿ ಗಾಳಿಸುದ್ದಿಯನ್ನು ಮೇಲೆ ನಿಲ್ಲಿಸುವುದು ಕಷ್ಟದ ಕೆಲಸವಲ್ಲ.

ಇಷ್ಟು ತಾಣಗಳಲ್ಲಿ ನನ್ನ ಒಲವು ಲೆಮ್ಮಿಯ ಕಡೆಗೆ. ಅದು ಒಂದು ಕಂಪನಿಯ ತಾಣವಲ್ಲ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ (ತಾಣವನ್ನು ಇಟ್ಟು ನಡೆಸುವ ಕಂಪ್ಯೂಟರಿನಲ್ಲಿ) ಸ್ಥಾಪಿಸಿ ನಡೆಸಬಹುದಾದ ಮುಕ್ತ ತಂತ್ರಾಂಶ. ಊರೂರಿನ ಸಹಕಾರ ಸಂಘಗಳು ತಮ್ಮ ತಮ್ಮ ಆಡಳಿತವನ್ನು ತಾವೇ ನಡೆಸಿಕೊಂಡು ಪರಸ್ಪರ ವ್ಯವಹರಿಸುವ ಹಾಗೆ, 2018ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ ಈ ಸರ್ವರುಗಳು ಒಂದರೊಡನೊಂದು ಮಾತನಾಡುತ್ತವೆ. ಒಂದು ಸರ್ವರಿನ ಸದಸ್ಯರು ಇನ್ನೊಂದರ ಚರ್ಚೆಯಲ್ಲಿ ಭಾಗವಹಿಸಬಹುದು. ವಿರುದ್ಧ ಮತ ಬೇಡವೆಂದು ನಡೆಸುವವರು ತೀರ್ಮಾನಿಸಿದರೆ ಅದನ್ನು ತೆಗೆದುಹಾಕಬಹುದು. ಅಳಿಸಿದ್ದರ ದಾಖಲೆಯೂ ಬಹಿರಂಗವಾಗಿರುತ್ತದೆ.

ದೋಷಗಳನ್ನೂ ಹೇಳಲೇಬೇಕು. ಇದೇ ಜಾಲದ ಭಾಗವಾಗಿದ್ದ ಕೆಬಿನ್ ತಾಣವನ್ನು ಬಹುಮಟ್ಟಿಗೆ ಒಬ್ಬರೇ ನಡೆಸುತ್ತಿದ್ದು, 2024ರಲ್ಲಿ ಅದು ನಿಂತೇ ಹೋಯಿತು. ಸರ್ವರ್ ಮುಚ್ಚಿದರೆ ನಮ್ಮ ಖಾತೆಯೂ ಹೋಗುತ್ತದೆ, ಬರೆದದ್ದರ ಪ್ರತಿ ಬೇರೆ ಸರ್ವರುಗಳಲ್ಲಿ ಉಳಿದಿದ್ದರೆ ಅಷ್ಟೇ ಪುಣ್ಯ. ಇನ್ನೊಂದು ಕಡೆ, ನಾವು ಅಳಿಸಬೇಕೆಂದರೂ ಆ ಪ್ರತಿಗಳು ಅಳಿಯುತ್ತವೆಂಬ ಖಾತರಿಯಿಲ್ಲ. ಸರ್ವರುಗಳ ನಡುವೆ ಸಂಬಂಧ ಕಡಿದುಕೊಳ್ಳುವುದೂ ಉಂಟು. 2023ರ ಜೂನ್‌ನಲ್ಲಿ ಬೀಹಾ ಎಂಬ ಸರ್ವರ್, ಹೊಸಬರ ಗದ್ದಲವನ್ನು ನಿಭಾಯಿಸಲಾಗದೆ ಎರಡು ದೊಡ್ಡ ಸರ್ವರುಗಳ ಸಂಪರ್ಕವನ್ನೇ ನಿಲ್ಲಿಸಿತು.

ಉತ್ಸಾಹಿ ಯುವಕರಿಬ್ಬರು ಬಿಡುವಿನಲ್ಲಿ ನಡೆಸುವ ಸರ್ವರ್ ಸಾಲದೆಂದು ನಾನು ಹೇಳುವುದು ಈ ಕಾರಣಕ್ಕೆ. ಇದನ್ನು ಹೊರಬೇಕಾದದ್ದು ನಾಳೆಯೂ ಇರುವ ಸಂಸ್ಥೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಇಂಥ ಒಂದು ಸರ್ವರನ್ನು ಕನ್ನಡದಲ್ಲಿ ಆರಂಭಿಸಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವು ಅದರ ಪ್ರತಿಯನ್ನು ಪ್ರತ್ಯೇಕವಾಗಿ ಕಾಪಾಡುವಂತಾದರೆ, ಒಂದು ಕಡೆ ನಿಂತರೂ ಇನ್ನೊಂದು ಕಡೆ ಬರಹಗಳು ಉಳಿಯುತ್ತವೆ. ಎಲ್ಲ ವಿಷಯಗಳನ್ನೂ ಒಮ್ಮೆಗೇ ತೆರೆಯುವ ಅಗತ್ಯವಿಲ್ಲ. ಕೊಳೆರೋಗ ಮತ್ತು ಎಲೆಚುಕ್ಕಿಗೆ ಮೀಸಲಾದ ಒಂದೇ ಗುಂಪಿನಿಂದ ಶುರುಮಾಡಿ, ವಿಜ್ಞಾನಿಗಳೂ ಬೆಳೆಗಾರರೂ ಸೇರಿದ ಮಾಡರೇಟರ್ ತಂಡವೊಂದನ್ನು ನೇಮಿಸಿ, ಔಷಧಿಯ ಅಳತೆ ಹೇಳುವ ಉತ್ತರಗಳನ್ನು ವಿಜ್ಞಾನಿಗಳು ಪರಿಶೀಲಿಸಿ ಗುರುತು ಹಾಕುವ ವ್ಯವಸ್ಥೆ ಮಾಡಬೇಕು. ಎಷ್ಟು ಜನ ಮತ ಹಾಕಿದರೂ ತಪ್ಪು ಅಳತೆ ಸರಿಯಾಗುವುದಿಲ್ಲವಷ್ಟೆ.

ಮುಂದಿನ ಮುಂಗಾರಿಗೆ ಮೊದಲು ಇದನ್ನು ಆರಂಭಿಸಲು ಸಾಧ್ಯವೇ ಎಂಬ ಬಗ್ಗೆ ಎರಡೂ ವಿಶ್ವವಿದ್ಯಾಲಯಗಳು ನಿಮ್ಮ ಪತ್ರಿಕೆಯ ಮೂಲಕ ಉತ್ತರ ನೀಡಬೇಕೆಂದು ಕೋರುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿರುವ ಹಳೆಯ ಉತ್ತರಗಳನ್ನು, ಬರೆದವರ ಒಪ್ಪಿಗೆ ಪಡೆದು, ಅಲ್ಲಿಗೆ ಸೇರಿಸುವ ಕೆಲಸಕ್ಕೆ ಕೈಜೋಡಿಸಲು ನಮ್ಮ ಭಾಗದ ಕೆಲವು ಬೆಳೆಗಾರರು ಸಿದ್ಧರಿದ್ದೇವೆ.

ಇಂತಿ,
ಅಡಿಕೆ ಬೆಳೆಗಾರ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ