ಇಂಗ್ಲಿಷ್ ಎಂ.ಎ.: ಅರ್ಹತೆಯ ಷರತ್ತನ್ನು ಪಿಯುಸಿ ಮುಗಿದಾಗಲೇ ಹೇಳಿ

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶ ಬಂದು ಸ್ನಾತಕೋತ್ತರ ಪ್ರವೇಶದ ಪ್ರಕಟಣೆ ಹೊರಬಿದ್ದೊಡನೆ ಇಂಗ್ಲಿಷ್ ವಿಭಾಗಗಳಿಗೆ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ: ‘ಪದವಿಯಲ್ಲಿ ಇಂಗ್ಲಿಷ್ ಓದಿದ್ದೇನೆ, ಅಂಕವೂ ಚೆನ್ನಾಗಿದೆ. ಎಂ.ಎ. ಇಂಗ್ಲಿಷಿಗೆ ನನ್ನ ಅರ್ಜಿ ಏಕೆ ತಿರಸ್ಕೃತವಾಯಿತು?’ ಉತ್ತರ ಅವರ ಅಂಕಪಟ್ಟಿಯಲ್ಲೇ ಇರುತ್ತದೆ. ಎಲ್ಲರೂ ಭಾಷಾ ಪತ್ರಿಕೆಯಾಗಿ ಓದುವ ಇಂಗ್ಲಿಷ್ ಬೇರೆ, ಇತಿಹಾಸ, ಸಮಾಜಶಾಸ್ತ್ರಗಳಂತೆ ಆರಿಸಿಕೊಂಡು ಓದುವ ಐಚ್ಛಿಕ ಇಂಗ್ಲಿಷ್ ಬೇರೆ. ರಾಜ್ಯದ ವಿಶ್ವವಿದ್ಯಾಲಯಗಳು ಎಂ.ಎ. ಪ್ರವೇಶಕ್ಕೆ ಸಾಮಾನ್ಯವಾಗಿ ಕೇಳುವುದು ಎರಡನೆಯದನ್ನು. ‘ಎಚ್‌ಇಪಿ’ ತೆಗೆದುಕೊಂಡ ಮಕ್ಕಳಲ್ಲಿ ನಡುವಿನ ‘ಇ’ ಎಂದರೆ ಇಂಗ್ಲಿಷ್ ಎಂದು ನಂಬಿದವರೂ ಇದ್ದಾರೆ. ಅದು ಎಕನಾಮಿಕ್ಸ್; ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಸೇರಿದ ಕಾಂಬಿನೇಷನ್ ಅದು. ಅಂದರೆ ಎಂ.ಎ.ಗೆ ಅರ್ಹತೆ ಇದೆಯೋ ಇಲ್ಲವೋ ಎಂಬುದು ಪಿಯುಸಿ ಮುಗಿಸಿ ಪದವಿಗೆ ಸೇರುವ ದಿನ, ಕಾಂಬಿನೇಷನ್ ಬರೆಸುವ ಕೌಂಟರಿನಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಅಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಎರಡನೆಯ ತೊಡಕು ಶೇಕಡಾವಾರಿನದು. ಹಲವು ಪ್ರಕಟಣೆಗಳಲ್ಲಿ ಎರಡು ಮಿತಿಗಳಿರುತ್ತವೆ: ಒಟ್ಟು ಪದವಿಯಲ್ಲಿ ಇಷ್ಟು, ಐಚ್ಛಿಕ ಇಂಗ್ಲಿಷಿನಲ್ಲಿ ಇಷ್ಟು. ಮೀಸಲಾತಿ ವರ್ಗಗಳಿಗೆ ಕೊಡುವ ರಿಯಾಯಿತಿಯೂ ಅಲ್ಲೇ ಇರುತ್ತದೆ. ಒಂದೊಂದು ವಿಶ್ವವಿದ್ಯಾಲಯದ ಅಂಕಿ ಒಂದೊಂದು ಬಗೆ, ಆದ್ದರಿಂದ ಕಳೆದ ವರ್ಷ ಸೀನಿಯರ್ ಹೇಳಿದ್ದನ್ನು ನಂಬದೆ ಆ ವರ್ಷದ ಪ್ರಕಟಣೆಯನ್ನೇ ಓದಬೇಕು. ವಿಷಯದಲ್ಲಿ ಶೇ 50 ಬೇಕು ಎಂದಿದೆ ಎನ್ನಿ. ತಲಾ 100 ಅಂಕದ ಆರು ಪತ್ರಿಕೆಗಳಿದ್ದರೆ 600ಕ್ಕೆ 300 ಬೇಕು. 297 ಬಂದವರ ಶೇಕಡಾವಾರು 49.5. ಅದನ್ನು 50 ಎಂದು ಬರೆದುಕೊಳ್ಳುವಂತಿಲ್ಲ. ವಿಷಯದ ಅಂಕ ಕೇಳಿದ ಕಡೆ ಭಾಷೆಯೂ ಸೇರಿದ ಒಟ್ಟು ಅಂಕ ತುಂಬುವುದು ಇನ್ನೊಂದು ಸಾಮಾನ್ಯ ತಪ್ಪು. ಆ ಅಂಕಿಯ ಮೇಲೆ ಮೆರಿಟ್ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ, ಮೂಲ ದಾಖಲೆ ಪರಿಶೀಲಿಸುವ ದಿನ ಸೀಟು ಕೈತಪ್ಪುತ್ತದೆ. ಅಷ್ಟರಲ್ಲಿ ಬೇರೆ ಕಡೆ ಅರ್ಜಿಯ ಗಡುವೂ ಮುಗಿದಿರುತ್ತದೆ.

2021-22ರಿಂದ 2023-24ರವರೆಗೆ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯಕ್ರಮದವರು. ಅವರಲ್ಲಿ ಕೆಲವರಿಗೆ ಮೊದಲ ಎರಡು ವರ್ಷ ಇಂಗ್ಲಿಷ್ ಮುಖ್ಯ ವಿಷಯಗಳಲ್ಲೊಂದಾಗಿದ್ದು, ಮೂರನೇ ವರ್ಷ ‘ಮೈನರ್’ ಆಗಿದೆ. ಇಂಥವರು ಅರ್ಜಿ ಹಾಕುವ ಮೊದಲೇ ವಿಭಾಗಕ್ಕೆ ಆರೂ ಸೆಮಿಸ್ಟರಿನ ಅಂಕಪಟ್ಟಿ ತೋರಿಸಿ, ಲಿಖಿತ ಉತ್ತರ ಪಡೆಯುವುದು ಕ್ಷೇಮ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ನಾಲ್ಕನೇ ವರ್ಷದ ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ. ಕೊಡಲು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2024ರ ಚೌಕಟ್ಟಿನಲ್ಲಿ ಅವಕಾಶವಿದೆ. ಆದರೆ ಚೌಕಟ್ಟಿನಲ್ಲಿ ಇದ್ದ ಮಾತ್ರಕ್ಕೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಆ ಕೋರ್ಸ್ ಇದೆ ಎಂದಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳ ದಾರಿ ಬೇರೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಲು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ ನಡೆಸುವ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪತ್ರಿಕೆಯಲ್ಲಿ 75 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ನಮ್ಮ ಮಕ್ಕಳು ಇಲ್ಲಿ ಸೋಲುವುದು ಪರೀಕ್ಷೆಗಿಂತ ಹೆಚ್ಚಾಗಿ ಕ್ಯಾಲೆಂಡರಿನಲ್ಲಿ. 2024 ಮತ್ತು 2025ರಲ್ಲಿ ಈ ಪರೀಕ್ಷೆ ಮಾರ್ಚ್‌ನಲ್ಲೇ ಶುರುವಾಯಿತು, ನೋಂದಣಿ ಅದಕ್ಕೂ ಎರಡು ತಿಂಗಳು ಮೊದಲೇ ತೆರೆದಿತ್ತು. ಆ ಹೊತ್ತಿಗೆ ನಮ್ಮ ಪದವಿ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರಿನ ಪಾಠವೇ ಮುಗಿದಿರುವುದಿಲ್ಲ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕುಳಿತವರಿಗೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು ಎಂಬ ಒಂದು ಸಾಲನ್ನು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಡಿಸೆಂಬರಿನಲ್ಲಿ ಹಚ್ಚಿದರೆ ಸಾಕು. ಖರ್ಚು ಒಂದು ಹಾಳೆ.

ಐಚ್ಛಿಕ ಇಂಗ್ಲಿಷ್ ಓದದವರು ಕೈಚೆಲ್ಲಬೇಕಿಲ್ಲ. ದೂರಶಿಕ್ಷಣ ನೀಡುವ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇಂಗ್ಲಿಷ್ ಎಂ.ಎ.ಗೆ ಯಾವುದೇ ಮಾನ್ಯ ಪದವಿ ಸಾಕು. ಬಿ.ಕಾಂ., ಬಿ.ಎಸ್ಸಿ. ಮಾಡಿದವರೂ ಸೇರಬಹುದು. ಒಟ್ಟು 64 ಕ್ರೆಡಿಟ್, ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 8 ಕ್ರೆಡಿಟ್‌ನ ಒಂದು ಪತ್ರಿಕೆಗೆ 240 ಗಂಟೆ ಬೇಕೆಂದಾಯಿತು, ಕೆಲಸ ಮಾಡುತ್ತಲೇ ಓದುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಅಸೈನ್‌ಮೆಂಟಿಗೆ ಶೇ 30, ಅಂತಿಮ ಪರೀಕ್ಷೆಗೆ ಶೇ 70ರ ತೂಕ. ಎರಡರಲ್ಲೂ ಬೇರೆಬೇರೆಯಾಗಿ ಶೇ 40 ಬರಬೇಕು. ಪರೀಕ್ಷೆ ಚೆನ್ನಾಗಿ ಬರೆದೂ ಅಸೈನ್‌ಮೆಂಟ್ ಕೊಡದೆ ವರ್ಷಗಟ್ಟಲೆ ‘ಅಪೂರ್ಣ’ ಎಂದೇ ಉಳಿದವರು ಬಹಳ. ದೂರಶಿಕ್ಷಣಕ್ಕೆ ಸೇರುವವರಿಗೆ 2024ರಿಂದ ಕ್ರೆಡಿಟ್ ಲೆಕ್ಕ ಇಡುವ ಎಬಿಸಿ ಐಡಿಯ ಜೊತೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಡಿಇಬಿ ಐಡಿಯೂ ಕಡ್ಡಾಯ. ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮೊದಲು ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮಾನ್ಯತೆ ಇದ್ದರೆ ಆ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ ನಿಯಮವೇ ಹೇಳುತ್ತದೆ.

ದಾಖಲೆಗಳ ವಿಷಯ ಸುದ್ದಿಯಾಗುವುದಿಲ್ಲ, ಆದರೆ ಸೀಟು ಕಳೆಯುವುದು ಅವುಗಳಿಂದಲೇ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬಂದವರಾದರೆ ಮೈಗ್ರೇಷನ್ ಪ್ರಮಾಣಪತ್ರ, ಆರ್‌ಡಿ ಸಂಖ್ಯೆ ಇರುವ ಜಾತಿ-ಆದಾಯ ಪ್ರಮಾಣಪತ್ರ ಎಲ್ಲವೂ ಪ್ರಕಟಣೆಗೆ ಮುಂಚೆಯೇ ಕೈಯಲ್ಲಿರಬೇಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿಯ ಪ್ರಮಾಣಪತ್ರ ದೊಡ್ಡ ಆಸರೆ: ಆ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ ಕಚೇರಿ, ಒಂದೆರಡು ದಿನದಲ್ಲಿ ಸಿಗುತ್ತದೆಂದು ನಂಬಿ ಕೂರಬಾರದು.

ಒಳಗೆ ಬಂದ ಮೇಲೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ‘55’ ಎಂಬ ಅಂಕಿ. ಎಂ.ಎ. ಪಾಸಾಗಲು ಅದಕ್ಕಿಂತ ಕಡಿಮೆ ಸಾಕು, ಆದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಸಾಮಾನ್ಯ ವರ್ಗದವರಿಗೆ ಶೇ 55 ಬೇಕು, ಮೀಸಲಾತಿ ವರ್ಗದವರಿಗೆ ಶೇ 50. ನೆಟ್‌ನಲ್ಲಿ ಶೇಕಡಾವಾರನ್ನು ಮೇಲಿನ ಪೂರ್ಣಾಂಕಕ್ಕೆ ಸರಿಹೊಂದಿಸುವ ಪದ್ಧತಿ ಇಲ್ಲ. ನಾಲ್ಕು ಸೆಮಿಸ್ಟರ್ ಸೇರಿ 2,000 ಅಂಕವಿದ್ದರೆ ಸಾಮಾನ್ಯ ವರ್ಗದವರಿಗೆ 1,100 ಬರಲೇಬೇಕು, 1,098 ಬಂದರೂ ಅಧ್ಯಾಪಕ ವೃತ್ತಿಯ ದಾರಿ ಮುಚ್ಚುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ದೀರ್ಘ ಉತ್ತರ ಬರೆಯಲು ತಡವರಿಸಿ ಅಂಕ ಕಳೆದುಕೊಳ್ಳುತ್ತಾರೆ. ನಾಲ್ಕನೆಯದರ ಹೊತ್ತಿಗೆ ಸೊಗಸಾಗಿ ಬರೆಯುತ್ತಾರೆ, ಆದರೆ ಹಳೆಯ ಅಂಕ ಒಟ್ಟನ್ನು ಕೆಳಗೆಳೆಯುತ್ತಲೇ ಇರುತ್ತದೆ. ಅವರಲ್ಲಿ ಸಾಹಿತ್ಯಪ್ರಜ್ಞೆಗೆ ಕೊರತೆ ಇಲ್ಲ, ಕೊರತೆ ಇರುವುದು ಬರವಣಿಗೆಯ ಅಭ್ಯಾಸದಲ್ಲಿ. ಮೊದಲ ಆರು ವಾರ ವಾರಕ್ಕೊಂದು ಎರಡು ಪುಟದ ಉತ್ತರ ಬರೆಸಿ ತಿದ್ದಿಕೊಟ್ಟರೆ ಈ ನಷ್ಟ ಬಹಳಷ್ಟು ತಪ್ಪುತ್ತದೆ. ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸುವಾಗ ಅಂತರ್ಜಾಲದ ಸೂತ್ರ ಬೇಡ, ತಮ್ಮ ವಿಶ್ವವಿದ್ಯಾಲಯದ್ದೇ ಬೇಕು.

ಕೊನೆಯ ಸೆಮಿಸ್ಟರಿನ ಪ್ರಬಂಧದ ಬಗ್ಗೆ ಒಂದು ಮಾತು. ಕೃತಿಚೌರ್ಯದ ಕುರಿತ 2018ರ ಯುಜಿಸಿ ನಿಯಮದಂತೆ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು, 40 ದಾಟಿದರೆ ತಿದ್ದಿದ ಪ್ರಬಂಧ ಸಲ್ಲಿಸಲು ಒಂದು ವರ್ಷ ನಿರ್ಬಂಧ, 60 ದಾಟಿದರೆ ನೋಂದಣಿಯೇ ರದ್ದು.

ನಮ್ಮ ಕೋರಿಕೆ ಇಷ್ಟು. ಉನ್ನತ ಶಿಕ್ಷಣ ಇಲಾಖೆಯು ಕಾಲೇಜು ಪ್ರವೇಶಾತಿಯ ಯುಯುಸಿಎಂಎಸ್ ಜಾಲತಾಣದಲ್ಲಿ ಪದವಿ ಅರ್ಜಿಯ ವಿಷಯ ಆಯ್ಕೆಯ ಪುಟದಲ್ಲೇ, ಈ ಕಾಂಬಿನೇಷನ್ ಓದಿದರೆ ಯಾವ ಯಾವ ಎಂ.ಎ.ಗೆ ಅರ್ಹತೆ ಬರುತ್ತದೆ ಎಂದು ಕನ್ನಡದಲ್ಲಿ ತೋರಿಸಲಿ. ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಅರ್ಹತಾ ನಿಯಮವನ್ನು ಫಲಿತಾಂಶದವರೆಗೆ ಕಾಯದೆ ಜನವರಿಯಲ್ಲೇ ಪ್ರಕಟಿಸಲಿ.

– ಇಂಗ್ಲಿಷ್ ಅಧ್ಯಾಪಕರು, ಧಾರವಾಡ