ಸೋಮ, ಬುಧ, ಶುಕ್ರವಾರ ಇನ್ನು ನಡಿಗೆ ಇಲ್ಲ

ಆತ್ಮೀಯ ಹಿರಿಯರೇ,

ನಮಸ್ಕಾರ. ಇಷ್ಟು ದಿನ ವಾರಕ್ಕೆ ಆರು ದಿನ ಫೈವ್ ಗಾರ್ಡನ್ಸ್‌ನಲ್ಲಿ ನಡೆಯುತ್ತಿದ್ದೆವಲ್ಲ, ಜೂನ್ 1ರಿಂದ ನಡಿಗೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ. ಉಳಿದ ಮೂರು ದಿನ ಮಾಟುಂಗಾದ ನಮ್ಮ ಹಾಲ್‌ನಲ್ಲಿ ಕೈಕಾಲಿಗೆ ಬಲ ತುಂಬುವ ವ್ಯಾಯಾಮ, ಜೊತೆಗೆ ಬ್ಯಾಲೆನ್ಸ್ ಅಭ್ಯಾಸ.

"ಮಳೆ ಬರುತ್ತೆ ಅಂತ ತಾನೇ?" ಎಂದು ಕೆಲವರು ಆಗಲೇ ಕೇಳಿದ್ದಾರೆ. ಮಳೆ ಬರೀ ನೆಪ. ಒಂದು ದಿನವೂ ತಪ್ಪಿಸದೆ ನಡೆಯುತ್ತಿದ್ದ ನಮ್ಮ ಮಾಮಿಯೊಬ್ಬರು ಈಚೆಗೆ ಮನೆಯಲ್ಲಿ ದೇವರ ಮುಂದೆ ರಂಗೋಲಿ ಹಾಕಲು ಕೂತರು. ಏಳಲು ಆಗಲಿಲ್ಲ. ಮಗ ಬರುವವರೆಗೆ ಅರ್ಧ ಗಂಟೆ ನೆಲದ ಮೇಲೇ ಇದ್ದರು. ಬಿದ್ದಿರಲಿಲ್ಲ, ನೋವೂ ಇರಲಿಲ್ಲ, ತೊಡೆಯಲ್ಲಿ ಶಕ್ತಿ ಸಾಲಲಿಲ್ಲ ಅಷ್ಟೇ. ಇದು ನಮ್ಮ ತಪ್ಪು. ಮೂರು ವರ್ಷ ಅವರನ್ನು ನಡೆಸಿದೆವು, ನೆಲದಿಂದ ಏಳುವುದನ್ನು ಒಮ್ಮೆಯೂ ಮಾಡಿಸಲಿಲ್ಲ.

ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ವಯಸ್ಸಾದಂತೆ ಸ್ನಾಯು ಕರಗುತ್ತದೆ. ಅದನ್ನು ತಡೆಯಲು ಸ್ನಾಯುವಿಗೆ ಭಾರ ಬೀಳಬೇಕು. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್‌ಗೆ ಒತ್ತು ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ನಾವು ಮೊದಲನೆಯದನ್ನಷ್ಟೇ ಹಿಡಿದುಕೊಂಡಿದ್ದೆವು. ಮೂರು ದಿನ 50 ನಿಮಿಷ ನಡೆದರೂ ಆ ಲೆಕ್ಕ ತುಂಬುತ್ತದೆ.

"ಈ ವಯಸ್ಸಲ್ಲಿ ಭಾರ ಎತ್ತೋದಾ?" ಅನ್ನಬೇಡಿ. ತೊಂಬತ್ತರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ ಹತ್ತು ಮಂದಿಗೆ ಅಮೆರಿಕದಲ್ಲಿ ಎಂಟು ವಾರ ಕಾಲಿಗೆ ತೂಕದ ವ್ಯಾಯಾಮ ಮಾಡಿಸಿದರು. ಒಂಬತ್ತು ಮಂದಿ ಪೂರ್ತಿ ಮುಗಿಸಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಜಾಸ್ತಿಯಾಯಿತು. ಆ ವರದಿ ಬಂದದ್ದು 1990ರಲ್ಲಿ. ನಮಗೆ ಬುದ್ಧಿ ಬಂದದ್ದು ಈಗ.

ಮೊದಲ ವಾರ ಒಂದು ಚಿಕ್ಕ ಪರೀಕ್ಷೆ. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸುತ್ತೇವೆ. 70ರಿಂದ 74 ವಯಸ್ಸಿನ ಗಂಡಸರಿಗೆ 12, ಹೆಂಗಸರಿಗೆ 10 ಸಲಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ. ಮನೆಯಲ್ಲಿ ಒಬ್ಬರೇ ಪ್ರಯತ್ನಿಸಬೇಡಿ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ಯಾರಾದರೂ ಇರಲಿ.

ಡಂಬೆಲ್ ಕೊಳ್ಳಬೇಕಿಲ್ಲ. ಒಂದು ಕಿಲೋ ತೊಗರಿಬೇಳೆ ಪ್ಯಾಕೆಟ್ ಎರಡು ತನ್ನಿ, ಆಮೇಲೆ ಸಾರಿಗೆ ಆಯಿತು. ಹೃದಯದ ತೊಂದರೆ, ಬಿ.ಪಿ. ಇರುವವರು, ಮಂಡಿ ಆಪರೇಶನ್ ಆದವರು ತಮ್ಮ ಡಾಕ್ಟರರ ಚೀಟಿ ತರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಒಂದು ಬ್ಯಾಚ್‌ಗೆ 12 ಜನ ಮಾತ್ರ. ಅದಕ್ಕೇ ಸಂಜೆ 4.30ಕ್ಕೆ ಇನ್ನೊಂದು ಬ್ಯಾಚ್ ಶುರುಮಾಡುತ್ತೇವೆ. ಫೀಸು ಹಳೆಯದೇ. ಹಾಲ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮೊದಲು ಇದನ್ನು ಹೇಳಲು ಸಂಕೋಚವಾಗುತ್ತಿತ್ತು, ಈಗ ಮೆಟ್ಟಿಲನ್ನೂ ಪಾಠಕ್ಕೆ ಸೇರಿಸಿದ್ದೇವೆ! ಹತ್ತಲು ನಿಜಕ್ಕೂ ಆಗದವರಿಗೆ ಕೆಳಗಿನ ವರಾಂಡದಲ್ಲೇ ಮಾಡಿಸುತ್ತೇವೆ.

ಬೆಳಗಿನದೋ ಸಂಜೆಯದೋ, ಮೇ 25ರ ಒಳಗೆ ತಿಳಿಸಿ. ಮಾಮಿ ಬೆಳಗಿನದಕ್ಕೆ ಹೆಸರು ಕೊಟ್ಟಾಗಿದೆ.

ಇಂತಿ,
ನಿಮ್ಮ ವ್ಯಾಯಾಮ ತರಗತಿಯವರು
ಮಾಟುಂಗಾ, ಮುಂಬಯಿ