ಸೀನನಿಗೊಂದು ಪತ್ರ: ಮೈಸೂರಿನ ಸೈಟು, ಅಮೆರಿಕದ ಫೀಸು

ಲೋ ಸೀನ,

ಮಗಳ ಕಾಲೇಜಿನ ಫೀಸು, ಹಾಸ್ಟೆಲು ಸೇರಿ ವರ್ಷಕ್ಕೆ 90,000 ಡಾಲರ್ ಅಂತ ನೋಡಿ ನಿನ್ನ ಮುಖ ಬಿಳಿಚಿಕೊಂಡಿತಂತೆ. ಅದು ಬೋರ್ಡಿನ ಮೇಲಿನ ರೇಟು ಕಣೋ. ಚಿಕ್ಕಪೇಟೆಯಲ್ಲಿ ಮೊದಲು ಹೇಳಿದ ಬೆಲೆಗೆ ಯಾರಾದರೂ ಸೀರೆ ತಗೋತಾರಾ? ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜುಗಳ ವೆಬ್‌ಸೈಟಲ್ಲಿ ನಿಜವಾಗಿ ಕಟ್ಟಬೇಕಾದ್ದೆಷ್ಟು ಅಂತ ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು ಅಂತ 2011ರಿಂದ ನಿಯಮವಿದೆ. ಮೊದಲು ಅದರಲ್ಲಿ ನಿನ್ನ ಆದಾಯ ಹಾಕಿ ನೋಡು.

ಆಮೇಲೆ ಫ್ಯಾಫ್ಸಾ, ಫೆಡರಲ್ ನೆರವು ಕೇಳುವ ಅರ್ಜಿ. ಪುಕ್ಕಟೆ ಫಾರ್ಮು, ತುಂಬಿಕೊಡಲು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡ. ಅದರ ವೆಬ್‌ಸೈಟಲ್ಲಿ ಮಗಳಿಗೊಂದು ಖಾತೆ, ನಿನಗೊಂದು. 2026ರ ಆಗಸ್ಟಿಗೆ ಸೇರುವವರಿಗೆ 2024ರ ಆದಾಯ ಲೆಕ್ಕ. ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಮಾಹಿತಿ ತರಿಸಿಕೊಳ್ಳಲು ನೀನು ಒಪ್ಪಿಗೆ ಒತ್ತದಿದ್ದರೆ ಫೆಡರಲ್ ನೆರವು ಸೊನ್ನೆ.

ನಮ್ಮವರು ಎಡವೋದು ‘ಮಗಳ ಹೆಸರಲ್ಲಿರಲಿ’ ಅಂತ ಬ್ಯಾಂಕಿಗೆ ಹಾಕಿದ ದುಡ್ಡಲ್ಲಿ. ಅವಳ ಖಾತೆಯಲ್ಲಿದ್ದರೆ ನೂರು ಡಾಲರಿಗೆ 20ನ್ನು ಫೀಸಿಗೆ ಕಟ್ಟಬಲ್ಲಿರಿ ಅನ್ನುತ್ತೆ ಫಾರ್ಮು. ನಿನ್ನ ಖಾತೆಯಲ್ಲಿದ್ದರೆ ಹೆಚ್ಚೆಂದರೆ 5.64. ನೀವಿರುವ ಮನೆ, ನಿವೃತ್ತಿಗೆ ಕೂಡಿಡುವ 401ಕೆ ಲೆಕ್ಕಕ್ಕಿಲ್ಲ. ಮೈಸೂರಿನ ಸೈಟು ಲೆಕ್ಕಕ್ಕಿದೆ! ‘ಅದು ಇಂಡಿಯಾದಲ್ಲಿದೆ’ ಅಂತ ಮುಚ್ಚಿಡಬೇಡ, ಅದೂ ಹೂಡಿಕೆಯೇ. ಎಷ್ಟೋ ಖಾಸಗಿ ಕಾಲೇಜುಗಳು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಇನ್ನೊಂದು ಫಾರ್ಮಂತೂ ಇರುವ ಮನೆಯ ಬೆಲೆಯನ್ನೂ ಕೇಳುತ್ತೆ.

ಆಫರ್ ಪತ್ರ ಬಂದಾಗ ಪೆನ್ಸಿಲ್ ಹಿಡಿದು ಕೂರು. ಮೊದಲ ವರ್ಷದ 5,500 ಡಾಲರ್ ಫೆಡರಲ್ ಸಾಲವನ್ನೂ ಗ್ರಾಂಟಿನ ಪಕ್ಕದಲ್ಲೇ ‘ನೆರವು’ ಅಂತ ಕೂರಿಸಿರುತ್ತಾರೆ. ಸಾಲವನ್ನು ಹೊಡೆದುಹಾಕಿ ಉಳಿದದ್ದನ್ನು ಕೂಡಿಸು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟು ತೀರಿಸಬೇಕಿಲ್ಲ, ವರ್ಷಕ್ಕೆ ಗರಿಷ್ಠ 7,395 ಡಾಲರ್. ನಿನ್ನ ಸಂಬಳಕ್ಕೆ ಸಿಗಲ್ಲ, ಆಸೆ ಬಿಡು.

ಇಲ್ಲೇ ಒಂದು ಕಸಿವಿಸಿ. ಆ ಪೆಲ್ ಯಾರಿಗೆ ಸಿಗಬೇಕೋ ಆ ಮನೆಯ ಹುಡುಗಿಗೆ ಇದನ್ನೆಲ್ಲ ಹೇಳೋರು ಯಾರು? ಬೋರ್ಡಿನ ರೇಟು ನೋಡಿ ಅಂಗಡಿ ಮೆಟ್ಟಿಲಿಂದಲೇ ವಾಪಸ್ ಹೋಗಿರುತ್ತಾಳೆ. 2024-25ರ ಫ್ಯಾಫ್ಸಾ ಫಾರ್ಮನ್ನು ಸರಳ ಮಾಡ್ತೀವಿ ಅಂತ ಹೊರಟು, ಅಕ್ಟೋಬರಿನಲ್ಲಿ ಬರಬೇಕಾದ್ದನ್ನು ಡಿಸೆಂಬರ್ ಕೊನೆಗೆ ಬಿಟ್ಟರಲ್ಲ, ಎಲ್ಲರ ಜೊತೆ ನಾನೂ ಬೈದೆ. ಒಳಗೊಳಗೆ ಸಣ್ಣ ಖುಷಿಯಿತ್ತು ಕಣೋ. ಅದು ನಿಜವಾಗಿ ಸರಳವಾಗಿಬಿಟ್ಟರೆ ನನ್ನನ್ನು ಯಾರು ಕೇಳ್ತಾರೆ?

ಇದನ್ನು ಎಲ್ಲರೆದುರು ಬರೆಯಬಾರದಿತ್ತು. ಹೋಗಲಿ. ಸೈಟಿನ ಬೆಲೆ ಡಾಲರಿನಲ್ಲಿ ಹಾಕು, ಸೊನ್ನೆಗಳನ್ನು ನಿನ್ನ ಹೆಂಡತಿ ಎಣಿಸಲಿ.

ಇಂತಿ,
ಫಾರ್ಮು ಭಟ್ಟ